ಹೈಪೊಗ್ಲೈಸೀಮಿಯಾವನ್ನು ಹಿಂದಿನಿಂದ ಓದಿಸಿದಾಗ

ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮಳವಳ್ಳಿ, ನಾಗಮಂಗಲದ ಕಡೆಯಿಂದ ಬರುವ ಮಕ್ಕಳೇ ನನ್ನ ಕ್ಲಾಸಿನಲ್ಲಿ ಹೆಚ್ಚು. ಇವರಿಗೆ ವಿಷಯ ಕಷ್ಟವಲ್ಲ, ಪದಗಳೇ ಕಷ್ಟ. ‘ಹೈಪೊಗ್ಲೈಸೀಮಿಯಾ’ ಎಂದು ಬೋರ್ಡಿನ ಮೇಲೆ ಬರೆದರೆ ಸಾಕು, ಉರು ಹೊಡೆಯುವುದು ಶುರುವಾಗುತ್ತದೆ.

ಅದಕ್ಕೇ ಪದವನ್ನು ಮೂರು ತುಂಡು ಮಾಡಿ ಬರೆಯುತ್ತೇನೆ. ಮೂರೂ ಗ್ರೀಕ್ ಮೂಲದವು. ಹೈಪೊ ಅಂದರೆ ಕೆಳಗೆ, ಗ್ಲುಕುಸ್ ಅಂದರೆ ಸಿಹಿ, ಹೈಮ ಅಂದರೆ ರಕ್ತ, ಪದದ ಕೊನೆಯಲ್ಲಿ ಇದೇ ‘ಈಮಿಯಾ’ ಆಗುತ್ತದೆ. ಆಮೇಲೆ ಕೊನೆಯಿಂದ ಮೊದಲಿಗೆ ಓದಿಸುತ್ತೇನೆ: ರಕ್ತದಲ್ಲಿ, ಸಿಹಿ, ಕಮ್ಮಿ. ತಾನಾಗಿಯೇ ಕನ್ನಡ ವಾಕ್ಯವಾಗಿಬಿಡುತ್ತದೆ! ಹಾಗೆ ಓದಿಸಿದಾಗ ಒಬ್ಬ ಹುಡುಗ ಎದ್ದು ನಿಂತು, “ಮೇಡಂ, ನಮ್ಮಜ್ಜಿಗೆ ಲೋ ಶುಗರ್ ಆಯ್ತದಲ್ಲ, ಬೆವರಿ ಕೈ ನಡುಗ್ತದೆ, ಅದೇನಾ ಇದು?” ಅಂದ. ಅದೇ. ಸಕ್ಕರೆ ಕಾಯಿಲೆಯವರಲ್ಲಿ ಡೆಸಿಲೀಟರ್ ರಕ್ತಕ್ಕೆ ಗ್ಲೂಕೋಸ್ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ವೈದ್ಯರು ಈ ಹೆಸರು ಹೇಳುತ್ತಾರೆ. ಹೈಪೊ ತೆಗೆದು ಹೈಪರ್ ಹಾಕಿದರೆ ಏರಿದ ಶುಗರ್.

ಹೈಪೊ, ಹೈಪರ್‌ಗಳಿಗೆ ಸಂಸ್ಕೃತದ ಉಪ, ಉಪರಿ ದಾಯಾದಿಗಳು, ಒಂದೇ ಇಂಡೋ-ಯುರೋಪಿಯನ್ ಮೂಲದವು. ಉಪಮುಖ್ಯಮಂತ್ರಿ ಮುಖ್ಯಮಂತ್ರಿಗಿಂತ ಕೆಳಗೆ ಎಂದರೆ ಇಡೀ ಕ್ಲಾಸು ನಗುತ್ತದೆ, ಹೈಪೊ ನೆನಪಿನಲ್ಲಿ ಉಳಿಯುತ್ತದೆ. ಅನೀಮಿಯಾದ ‘ಅನ್’ ಕೂಡ ಅನಾರೋಗ್ಯದ ‘ಅನ್’ನ ನಂಟನೇ.

ಗ್ಲೂಕೋಸ್ ಎಂಬ ಹೆಸರು 1838ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ್ದು, ಗ್ಲ್ಯೂಕೋಸ್ ಎಂಬ ಗ್ರೀಕ್ ಪದದಿಂದ. ಆಗತಾನೇ ಹಿಂಡಿದ ದ್ರಾಕ್ಷಿಯ ಸಿಹಿ ರಸಕ್ಕೆ ಆ ಹೆಸರು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುಡಿದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬಿನ ಸಸ್ಯನಾಮ ಸ್ಯಾಕರಮ್ ಮಾತ್ರ ಉಲ್ಟಾ ದಾರಿ ಹಿಡಿದದ್ದು: ನಮ್ಮ ‘ಶರ್ಕರಾ’ ಗ್ರೀಕರ ಬಾಯಲ್ಲಿ ಸಾಖರಾನ್ ಆಗಿ, ಲ್ಯಾಟಿನ್‌ಗೆ ದಾಟಿ, ಈಗ ಪಾಲಿಸ್ಯಾಕರೈಡ್ (ಹಲವು ಸಕ್ಕರೆ ಅಣುಗಳ ಸರಪಳಿ) ಆಗಿ ನಮ್ಮ ಸಿಲೆಬಸ್ಸಿಗೇ ವಾಪಸು ಬಂದಿದೆ.

ಒಂದು ಎಚ್ಚರಿಕೆ ಮಾತ್ರ ಪ್ರತಿ ಬ್ಯಾಚಿಗೂ ಕೊಡುತ್ತೇನೆ. ಮೂಲ ಪದದ ಅರ್ಥವನ್ನೇ ಪರೀಕ್ಷೆಯಲ್ಲಿ ವ್ಯಾಖ್ಯಾನ ಅಂತ ಬರೆಯಬೇಡಿ. ಅನೀಮಿಯಾ ಅಂದರೆ ಪದಶಃ ‘ರಕ್ತವಿಲ್ಲ’. ರೋಗಿಯಲ್ಲಿ ರಕ್ತ ಇರುತ್ತದೆ, ಕಡಿಮೆಯಾಗಿರುವುದು ಹಿಮೋಗ್ಲೋಬಿನ್. ಲ್ಯುಕೀಮಿಯಾ ‘ಬಿಳಿ ರಕ್ತ’. ಕೆಟ್ಟಿರುವುದು ಬಿಳಿ ರಕ್ತಕಣಗಳ ಬೆಳವಣಿಗೆ.

ನೋಟ್‌ಬುಕ್ಕಿನ ಕೊನೆಯಲ್ಲಿ ಒಂದೊಂದು ಮೂಲಕ್ಕೆ ಒಂದೊಂದು ಪುಟ ಬಿಡಿಸುತ್ತೇನೆ, ಸಿಕ್ಕ ಪದಗಳನ್ನು ಅವರೇ ತುಂಬುತ್ತಾ ಹೋಗುತ್ತಾರೆ. ‘ಈಮಿಯಾ’ ಪುಟದಲ್ಲಿ ಯುರೀಮಿಯಾ, ಬ್ಯಾಕ್ಟೀರೀಮಿಯಾ ಸಾಲಾಗಿ ಬಂದವು. ಅವುಗಳ ಕೆಳಗೆ ಒಬ್ಬಳು ‘ಅಕಾಡೆಮಿಯಾ’ ಅಂತಲೂ ಸೇರಿಸಿದ್ದಳು. ಅದು ಅಥೆನ್ಸ್ ಬಳಿ ಪ್ಲೇಟೋ ಪಾಠ ಹೇಳುತ್ತಿದ್ದ ತೋಪಿನ ಹೆಸರು, ಅಕಾಡೆಮೋಸ್ ಎಂಬ ವೀರನಿಂದ ಬಂದದ್ದು, ಇದರಲ್ಲಿ ರಕ್ತವಿಲ್ಲ ಕಣಮ್ಮ ಅಂದೆ. “ಹಂಗಾದ್ರೆ ಅನೀಮಿಯಾ ಅನ್ನಿ ಮೇಡಂ” ಅಂದಳು.