ವರ್ಬ್ಯಾಟಿಮ್‌ನಲ್ಲಿ ನಾನು ಬಿಟ್ಟ ಎರಡು ಸಾಲು

ಕುಂಬಳೆಯಲ್ಲಿ ಟ್ರೈನು ಹತ್ತಿದರೆ ಮಂಗಳೂರು ಬರುವಷ್ಟರಲ್ಲಿ ಒಂದು ವರ್ಬ್ಯಾಟಿಮ್ ಬರೆದು ಮುಗಿಸಬಹುದು, ಸೀಟು ಸಿಕ್ಕಿದರೆ. ಕೌನ್ಸೆಲಿಂಗ್ ಕಲಿಯುವವರಿಗೆಲ್ಲ ಗೊತ್ತಿರುವ ತಲೆನೋವು ಇದು. ಕ್ಲೈಂಟ್ ಏನು ಹೇಳಿದರು, ನಾನು ಏನು ಹೇಳಿದೆ, ಆಗ ನನ್ನ ಮನಸ್ಸಿನಲ್ಲಿ ಏನಿತ್ತು, ಹೀಗೆ ಮೂರು ಕಾಲಮ್. ಸೆಷನ್ ಮುಗಿದ ಮೇಲೆ ನೆನಪಿನಿಂದ ಬರೆಯಬೇಕು, ವಾರಕ್ಕೊಮ್ಮೆ ಸೂಪರ್‌ವೈಸರ್ ಎದುರು ಕೂತು ಓದಬೇಕು. ಮೂರನೇ ಕಾಲಮ್‌ನಲ್ಲಿ ಎಲ್ಲರೂ ಸ್ವಲ್ಪ ಸ್ವಲ್ಪ ಸುಳ್ಳು ಬರೆಯುತ್ತಾರೆ. ನಾನು ಎರಡನೆಯದರಲ್ಲೇ ಕೈಯಾಡಿಸಿದೆ.

ಇದರಲ್ಲಿ ಬರುವ ಹುಡುಗಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಊರು, ವಯಸ್ಸು, ಯಾರಿಗೆ ಯಾರು ಏನಾಗಬೇಕು ಅನ್ನುವುದನ್ನೆಲ್ಲ ಬದಲಾಯಿಸಿದ್ದೇನೆ. ನಮ್ಮ ಕಡೆ ಬರೀ ಹೆಸರು ಬಿಟ್ಟರೆ ಸಾಕಾಗುವುದಿಲ್ಲ. "ಬೆಂಗಳೂರಿನ ಕೆಲಸ ಬಿಟ್ಟು ಬಂದವಳು, ಎರಡು ಎಕರೆ ಅಡಕೆ ತೋಟ, ಪೆರ್ಲದಿಂದ ಸ್ವಲ್ಪ ಒಳಗೆ" ಅಂದರೆ ಮುಗಿಯಿತು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮನೆಯ ಹೆಸರು ಹೇಳಿಬಿಡುತ್ತಾರೆ. ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಹೀಗೇ ಒಂದು ಕೇಸಿನ ಮಾತು ನಡೆದು, ಅದು ತನ್ನ ಪಕ್ಕದ ಮನೆಯವರದ್ದು ಅಂತ ಒಬ್ಬಳಿಗೆ ಗೊತ್ತಾಗಿ, ಆಮೇಲೆ ಎಲ್ಲರೂ ಡಿಲೀಟ್ ಮಾಡಿದ್ದೇ ಮಾಡಿದ್ದು.

ನಾನು ಆಗ ಎಂಎಸ್ಸಿ ಎರಡನೇ ವರ್ಷ. ಕಾಲೇಜು ಮಂಗಳೂರಿನಲ್ಲಿ, ಪ್ರಾಕ್ಟಿಕಲ್ ಕಾಸರಗೋಡು ಜಿಲ್ಲೆಯ ಒಂದು ಕ್ಲಿನಿಕ್ಕಿನಲ್ಲಿ. ಮೊದಲ ದಿನವೇ ಮೂರು ತಪ್ಪು ಮಾಡಿದೆ. ಆ ಹುಡುಗಿ ನನ್ನನ್ನು "ಡಾಕ್ಟ್ರೇ" ಅಂದಳು, ನಾನು ಅಲ್ಲ ಅನ್ನಲಿಲ್ಲ. ಡಾಕ್ಟರೂ ಅಲ್ಲ, ಕ್ಲಿನಿಕಲ್ ಸೈಕಾಲಜಿಸ್ಟೂ ಅಲ್ಲ, ಅದಕ್ಕೆ ಬೇರೆಯೇ ಓದು, ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಎಲ್ಲ ಬೇಕು. ನಾನು ಇನ್ನೂ ಕಲಿಯುವವಳು, ಮತ್ತು ಅದನ್ನು ಹೇಳಿಕೊಳ್ಳಲು ನಾಚಿಕೆ. ಎರಡನೆಯದು, "ಆರತ್ರೂ ಹೇಳೆಡಿ" (ಯಾರ ಹತ್ತಿರವೂ ಹೇಳಬೇಡಿ) ಅಂತ ಅವಳು ಕೇಳಿಕೊಂಡಾಗ "ಇಲ್ಲಿ ಹೇಳಿದ್ದು ಈ ನಾಲ್ಕು ಗೋಡೆಯೊಳಗೇ ಇರುತ್ತದೆ" ಅಂತ ಸಿನಿಮಾದವರ ಹಾಗೆ ಹೇಳಿಬಿಟ್ಟೆ. ಮಂಗಳವಾರ ಅದೇ ಮಾತನ್ನು ಸೂಪರ್‌ವೈಸರ್ ಮೇಡಂ ಎದುರು ಓದುವವಳು ನಾನೇ, ಅಲ್ವಾ?

ಮೂರನೆಯದು ಫಾರ್ಮಿನ ಕಥೆ. ಒಪ್ಪಿಗೆ ಪತ್ರದ ಒಂದು ಬದಿ ಮಲಯಾಳ, ಇನ್ನೊಂದು ಬದಿ ಇಂಗ್ಲಿಷ್. ಅವಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮಲಯಾಳ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಇಂಗ್ಲಿಷ್ ಬರುತ್ತದೆ, ಆದರೆ ಆ ಹೊತ್ತಿನಲ್ಲಿ, ಆ ಮನಸ್ಥಿತಿಯಲ್ಲಿ, ಕೋರ್ಟಿನ ಭಾಷೆಯ ಒಂದೂವರೆ ಪುಟ ಯಾರು ಓದುತ್ತಾರೆ? "ಎಲ್ಲಿ ಸೈನು?" ಅಂದಳು. ತೋರಿಸಿದೆ. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಲ್ಲಿಂದ ಓದಲು ಬಾರದ ಕಾಗದಕ್ಕೆ ಸೈನು ಹಾಕಿ ನಮಗೆ ಅಭ್ಯಾಸ ಆಗಿಹೋಗಿದೆ. ಆದರೆ ರೇಷನ್ ಕಾರ್ಡಿನ ಫಾರ್ಮು ಬೇರೆ, ಇದು ಬೇರೆ. ಆ ಒಂದೂವರೆ ಪುಟದಲ್ಲಿ ಬರೆದದ್ದೇ ಕಲಿಯುವವರು ನಿಮ್ಮ ವಿಷಯವನ್ನು ಸೂಪರ್‌ವೈಸರ್ ಹತ್ತಿರ ಚರ್ಚಿಸುತ್ತಾರೆ ಅಂತ. ಕಾಗದದ ಮಟ್ಟಿಗೆ ಅವಳು ಒಪ್ಪಿದ್ದಳು, ನಿಜಕ್ಕೂ ಒಪ್ಪಿರಲಿಲ್ಲ.

ನಾಲ್ಕನೇ ಸೆಷನ್ನಿನಲ್ಲಿ ಅವಳು "ಎನಗೆ ಸಾಕಾತು" ಅಂದಳು. ಮನೆಯಲ್ಲಿ ಆಡುವ ಹವ್ಯಕ ಮಾತು. ನಾವಿಬ್ಬರೂ ಅದರಲ್ಲೇ ಮಾತಾಡುತ್ತಿದ್ದೆವು. ವರ್ಬ್ಯಾಟಿಮ್ ಬರೆಯಬೇಕಾದ್ದು ಇಂಗ್ಲಿಷಿನಲ್ಲಿ, ಕಾಲೇಜಿನ ನಿಯಮ. ಟ್ರೈನಿನಲ್ಲಿ ಕೂತು "ಐ ಆಮ್ ಫೆಡ್ ಅಪ್" ಅಂತ ಬರೆದೆ. ಸರಿಯಾದ ಅನುವಾದವೇ, ನೋಡಲು ಏನೂ ತಪ್ಪಿಲ್ಲ. ಮೇಡಂ ಓದುತ್ತಾ ಅಲ್ಲಿ ನಿಂತರು. ಅವರ ಮನೆಮಾತು ಕೊಂಕಣಿ, ಹವ್ಯಕ ಬಾರದು. "ಅವಳು ಹೇಳಿದ ಶಬ್ದ ಯಾವುದು? ಅದನ್ನೇ ಹೇಳಿ" ಅಂದರು. ಹೇಳಿದೆ. "ಸಾಕಾತು ಅಂದರೆ ಯಾವುದು ಸಾಕು? ಕೆಲಸವಾ, ಮನೆಯಾ, ಬದುಕಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಅಜ್ಜಿ ಪಾತ್ರೆ ತೊಳೆದು ಎದ್ದು ಸೊಂಟ ಹಿಡಿದುಕೊಂಡೂ ಅದನ್ನೇ ಹೇಳುತ್ತಿದ್ದರು, ಅಜ್ಜ ಕೊನೆಯ ಸಲ ಆಸ್ಪತ್ರೆಯಲ್ಲಿ ಮಲಗಿ ಹೇಳಿದ್ದೂ ಅದನ್ನೇ.

ಮೇಡಂ ಆ ದಿನವೇ ಅವಳಿಗೆ ಫೋನ್ ಮಾಡಿಸಿದರು, ಮರುದಿನಕ್ಕೆ ಕರೆಸಿದೆವು. ಸಾಯುವ ವಿಚಾರವನ್ನು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಬೇಕು ಅಂತಲೇ ನಮಗೆ ಕಲಿಸುವುದು. ಇಂಗ್ಲಿಷಿನಲ್ಲಿ ಆ ಪ್ರಶ್ನೆಯನ್ನು ಹತ್ತು ಸಲ ಅಭ್ಯಾಸ ಮಾಡಿದ್ದೆ. ಮನೆಮಾತಿನಲ್ಲಿ "ಸಾಯೆಕ್ಕು ಹೇಳಿ ಕಾಣ್ತಾ?" ಅಂತ ಕೇಳುವಾಗ ನಾಲಿಗೆ ಒಣಗಿತು. ಅವಳು ತುಂಬಾ ಹೊತ್ತು ಟೇಬಲ್ಲಿನ ಮೇಲಿದ್ದ ಸ್ಟೇಪ್ಲರ್ ನೋಡುತ್ತಿದ್ದು, "ಒಂದೊಂದು ಸಲ" ಅಂದಳು. ಹೇಗೆ, ಯಾವಾಗ ಅಂತೇನೂ ಅಂದುಕೊಂಡಿರಲಿಲ್ಲ. ಅವಳನ್ನು ಕೇಳಿಯೇ ಅವಳ ಅಣ್ಣನಿಗೆ ತಿಳಿಸಿದೆವು, ತೋಟದ ಔಷಧಿ ಇಡುವ ಕೋಣೆಗೆ ಬೀಗ ಬಿತ್ತು, ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸಿದೆವು, ಮಾತ್ರೆ ಶುರುವಾಯಿತು. ರಾತ್ರಿ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವಳ ಫೋನಿನಲ್ಲಿ ಅವಳ ಕೈಯಿಂದಲೇ ಸೇವ್ ಮಾಡಿಸಿದೆ. ಅಲ್ಲಿಂದೀಚೆಗೆ ನಾನು ವರ್ಬ್ಯಾಟಿಮ್‌ನಲ್ಲಿ ಮುಖ್ಯವಾದ ಮಾತನ್ನು ಅವರು ಹೇಳಿದ ಹಾಗೇ ಕನ್ನಡ ಲಿಪಿಯಲ್ಲಿ ಬರೆದು ಕೆಳಗೆ ಇಂಗ್ಲಿಷ್ ಬರೆಯುತ್ತೇನೆ. ತುಳುವಿನವರು ಬಂದರೆ ತುಳುವಿನಲ್ಲಿ. ಕಾಲೇಜಿನವರು ಒಂದೆರಡು ಸಲ ಕೇಳಿದರು, ಆಮೇಲೆ ಸುಮ್ಮನಾದರು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ನಾನು ಬರೆಯುತ್ತಲೇ ಇರಲಿಲ್ಲ.

ಏಪ್ರಿಲ್ ಕೊನೆ. ಚಿಕ್ಕಮ್ಮನ ಮನೆಯಲ್ಲಿ ಹಲಸಿನ ಹಪ್ಪಳದ ಗೌಜಿ. ನಾನು ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ತೊಳೆ ಬಿಡಿಸುತ್ತಾ ಕೂತಿದ್ದೆ. ಚಿಕ್ಕಮ್ಮ ಹಾಳೆಯ ಮೇಲೆ ಹಪ್ಪಳ ಒತ್ತುತ್ತಾ, ನನಗೆ ತಮ್ಮ ಆಗಬೇಕಾದವನಿಗೆ ಒಂದು ಜಾತಕ ಬಂದಿದೆ, ಕೂಡಿಬರುತ್ತದಂತೆ ಅಂದರು. ಮನೆಯ ಹೆಸರು ಹೇಳಿದರು. ನನ್ನ ಕೈ ನಿಂತಿತು. ಅವಳೇ.

"ಆ ಕೂಸು ಹೇಂಗೆ? ನಿನಗೆ ಗೊಂತಿಕ್ಕನ್ನೆ?" (ಆ ಹುಡುಗಿ ಹೇಗೆ? ನಿನಗೆ ಗೊತ್ತಿರಬೇಕಲ್ಲ?)

ಗೊತ್ತಿಲ್ಲ ಅಂದರೆ ಸುಳ್ಳು. ಗೊತ್ತಿದೆ ಅಂದರೆ ಮುಂದಿನ ಪ್ರಶ್ನೆ ಎಲ್ಲಿಂದ ಗೊತ್ತು ಅಂತ. ಕ್ಲಿನಿಕ್ಕಿಗೆ ಬರುವವರ ಬಗ್ಗೆ ನಾನು ಮಾತಾಡುವುದಿಲ್ಲ ಅಂದರೆ ಅವಳು ಕ್ಲಿನಿಕ್ಕಿಗೆ ಬರುತ್ತಾಳೆ ಅಂತ ಹೇಳಿದ ಹಾಗೇ ಆಯಿತು. ಸುಮ್ಮನಿದ್ದರೆ ಇನ್ನೂ ಕಷ್ಟ, ಹುಡುಗಿಯ ಬಗ್ಗೆ ವಿಚಾರಿಸುವಾಗ ಒಬ್ಬರು ಸುಮ್ಮನಾದರೆ ನಮ್ಮವರು ಅದಕ್ಕೆ ಏನು ಅರ್ಥ ಮಾಡುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. "ಎನಗೆ ಗೊಂತಿಲ್ಲೆ ಚಿಕ್ಕಮ್ಮ" ಅಂದೆ. ಆ ಸುಳ್ಳಿನ ಬಗ್ಗೆ ನನಗೆ ಇವತ್ತಿಗೂ ಬೇಜಾರಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಅವಳ ಹಕ್ಕು ಅಂತ ಹೇಳುತ್ತದೆ, ಚಿಕ್ಕಮ್ಮನ ಹಕ್ಕಿನ ಬಗ್ಗೆ ಏನೂ ಹೇಳುವುದಿಲ್ಲ.

ಬೇಜಾರಿರುವುದು ಆಮೇಲೆ ಮಾಡಿದ್ದಕ್ಕೆ. ಆ ವಾರ ಮೇಡಂ ಹತ್ತಿರ ಈ ವಿಷಯ ಹೇಳಲಿಲ್ಲ. ಮುಂದಿನ ವಾರವೂ ಇಲ್ಲ. ಹೇಳಿದರೆ ಅವಳ ಕೇಸನ್ನು ಬೇರೆ ಕೌನ್ಸೆಲರ್‌ಗೆ ಕೊಡುತ್ತಾರೆ. ನನ್ನ ಪ್ರಾಕ್ಟಿಕಲ್ ಗಂಟೆಗಳು ಕಡಿಮೆಯಾಗುತ್ತವೆ. ಅಲ್ಲದೆ ಅದೊಂದೇ ಕೇಸು ಚೆನ್ನಾಗಿ ಹೋಗುತ್ತಿತ್ತು, ಮತ್ತು ಮಾರ್ಕು ಕೊಡುವವರೂ ಮೇಡಮ್ಮೇ. ತಪ್ಪನ್ನೆಲ್ಲ ನನ್ನ ಹತ್ತಿರ ಬಿಚ್ಚಿ ಹೇಳು ಅನ್ನುವವರೂ ಅವರೇ, ಕೊನೆಗೆ ನೂರಕ್ಕೆ ಎಷ್ಟು ಅಂತ ಹಾಕುವವರೂ ಅವರೇ. ಈ ಏರ್ಪಾಡು ಮಾಡಿದವರು ಟ್ರೈನಿಗಳ ಕಡೆಯಿಂದ ಯೋಚಿಸಿದಂತಿಲ್ಲ.

ಮೂರನೇ ವಾರ ಅವಳು ಕೇಳಿದಳು: "ಮದುವೆಗೆ ಮೊದಲು ಹುಡುಗನಿಗೆ ಮಾತ್ರೆಯ ವಿಷಯ ಹೇಳಬೇಕಾ?" ಬೇರೆ ಯಾರಾದರೂ ಕೇಳಿದ್ದರೆ, ನಿಮಗೆ ಏನನ್ನಿಸುತ್ತದೆ, ಹೇಳಿದರೆ ಏನಾಗಬಹುದು, ಹೇಳದಿದ್ದರೆ ಏನು ಅಂತ ನಿಧಾನವಾಗಿ ಅವರ ಜೊತೆ ಹೋಗುತ್ತಿದ್ದೆ. ಅವತ್ತು ನನ್ನ ಬಾಯಿಂದ ಬಂದದ್ದು ಬೇರೆ. "ಹೇಳುವುದೇ ಒಳ್ಳೆಯದು. ಮುಚ್ಚಿಟ್ಟರೆ ಅವರ ಮನೆಯವರಿಗೂ ಮೋಸ ಆದ ಹಾಗೆ ಅಲ್ವಾ?"

ಮೋಸ ಅನ್ನುವ ಶಬ್ದ ನಾನು ತಂದದ್ದು. ಅವಳು ಅದನ್ನು ಬಳಸಿರಲಿಲ್ಲ. ಅವಳ ಮುಖ ಸಣ್ಣದಾಯಿತು, ಸೆಷನ್ ಮುಗಿಯುವವರೆಗೆ ಮತ್ತೆ ಹೆಚ್ಚು ಮಾತಾಡಲಿಲ್ಲ. ಟ್ರೈನಿನಲ್ಲಿ ಬರೆಯುವಾಗ ಮಂಜೇಶ್ವರ ದಾಟಿತು, ಉಳ್ಳಾಲ ದಾಟಿತು, ಆ ಎರಡು ಸಾಲು ಬರೆಯಲಾಗಲಿಲ್ಲ. ಆ ಜಾಗದಲ್ಲಿ "ಇದರ ಬಗ್ಗೆ ನಿಮಗೆ ಏನನ್ನಿಸುತ್ತದೆ?" ಅಂತ ಪುಸ್ತಕದಲ್ಲಿರುವ ಪ್ರಶ್ನೆ ಬರೆದೆ. ಮೇಡಂ ಓದಿ "ಗುಡ್" ಅಂತ ಪಕ್ಕದಲ್ಲಿ ಟಿಕ್ ಹಾಕಿದರು. ಆ ಟಿಕ್ ನೋಡಿ ಹೊಟ್ಟೆ ತೊಳೆಸಿದ ಹಾಗಾಯಿತು.

ನಡುವೆ ಒಂದು ಮಾತು. ಅದೇ ಹೊತ್ತಿಗೆ ಒಂದು ಶಾಲೆಯಲ್ಲಿಯೂ ನನಗೆ ಡ್ಯೂಟಿ ಇತ್ತು. ಅಲ್ಲಿ ಒಂಬತ್ತನೇ ಕ್ಲಾಸಿನ ಮಗು ಒಂದು ವಿಷಯ ಹೇಳಿ "ಟೀಚರ್, ಅಮ್ಮನಿಗೆ ಹೇಳ್ಬೇಡಿ" ಅಂತು. ಶಾಲೆಯವರಿಗೆ ಅದು ಹೊರಗೆ ಹೋಗುವುದು ಬೇಡವಾಗಿತ್ತು, ಕರೆದು ಬುದ್ಧಿ ಹೇಳಿ ಮುಗಿಸುವ ಅಂದರು. ಜನ ಇದನ್ನು ದೊಡ್ಡ ಧರ್ಮಸಂಕಟ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಅಲ್ಲಿ ಸಂಕಟವೇ ಇರಲಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ 18 ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಟ್ರೈನಿ ಅಂತ ವಿನಾಯಿತಿ ಇಲ್ಲ, ತಿಳಿಸದಿದ್ದರೆ 21ನೇ ಸೆಕ್ಷನ್ನಿನಲ್ಲಿ ಆರು ತಿಂಗಳವರೆಗೆ ಜೈಲು ಇದೆ. ಮೇಡಂಗೆ ಅಲ್ಲಿಂದಲೇ ಫೋನ್ ಮಾಡಿದೆ, ಅವರು ಅರ್ಧ ಗಂಟೆ ಲೈನಿನಲ್ಲೇ ಇದ್ದರು, ಮಾಡಬೇಕಾದ್ದು ಮಾಡಿದೆವು. ಕಷ್ಟ ಆದದ್ದು ಮಗುವಿಗೆ ಅದನ್ನು ಹೇಳುವುದು. ಅದಕ್ಕೂ ಕಾರಣ, ಮಾತು ಶುರುವಾಗುವ ಮೊದಲು "ಕೆಲವು ವಿಷಯ ನಾನು ಹೇಳಲೇಬೇಕಾಗುತ್ತದೆ" ಅನ್ನಲು ಅಲ್ಲಿಯೂ ಮರೆತಿದ್ದೆ. ಕಾನೂನು ಗೆರೆ ಎಳೆದಲ್ಲಿ ನನಗೆ ಫೋನ್ ತೆಗೆಯಲು ಎರಡು ನಿಮಿಷ ಹಿಡಿಯಿತು. ನನ್ನ ಸ್ವಂತ ಗುಟ್ಟಿನಲ್ಲಿ ಮೂರು ವಾರ.

ಕೊನೆಗೆ ಹೇಳಿದ್ದು ಮೆಸೇಜಿನಲ್ಲಿ. ಎದುರು ಕೂತು ಹೇಳಲು ಧೈರ್ಯ ಇರಲಿಲ್ಲ. "ಮೇಡಂ, ಆ ವರ್ಬ್ಯಾಟಿಮ್‌ನಲ್ಲಿ ಎರಡು ಸಾಲು ಸುಳ್ಳು" ಅಂತ ಕಳಿಸಿ ಫೋನ್ ಮಗುಚಿ ಇಟ್ಟೆ. ಹತ್ತು ನಿಮಿಷ ಬಿಟ್ಟು ನೋಡಿದರೆ "ನಾಳೆ 9ಕ್ಕೆ ಬನ್ನಿ. ತಿಂಡಿ ತಿಂದು ಬನ್ನಿ" ಅಂತ ಇತ್ತು.

ಅವರು ಬೈಯಲಿಲ್ಲ. ನಿಜವಾಗಿ ಏನು ಹೇಳಿದೆ ಅಂತ ಬಾಯಲ್ಲಿ ಹೇಳಿಸಿದರು. ಆಮೇಲೆ ಕೇಳಿದರು, "ಇದು ಹೇಳಿದ್ದು ಕೌನ್ಸೆಲರಾ, ಹುಡುಗನ ಅಕ್ಕನಾ?" ಅಕ್ಕ, ಮೇಡಂ. "ಹಾಗಾದರೆ ಅವಳ ಎದುರು ಆ ಹೊತ್ತಿನಲ್ಲಿ ಕೌನ್ಸೆಲರ್ ಇರಲೇ ಇಲ್ಲ." ಇಷ್ಟೇ. ಮಾರ್ಕಿನ ವಿಷಯ ನಾನೇ ಎತ್ತಿದೆ. ಸುಳ್ಳು ಬರೆದದ್ದಕ್ಕೆ ಕಡಿಮೆ ಆಗುತ್ತದೆ, ಬಂದು ಹೇಳಿದ್ದನ್ನೂ ಬರೆಯುತ್ತೇನೆ ಅಂದರು. ಎರಡೂ ಆಯಿತು.

ಅವಳಿಗೆ ನಾನೇ ಹೇಳಬೇಕು ಅಂತ ತೀರ್ಮಾನ ಆಯಿತು, ಮೇಡಂ ಪಕ್ಕದ ಕೋಣೆಯಲ್ಲಿ ಇರುವುದು ಅಂತಲೂ. ಏನು ಹೇಳುವುದು ಅಂತ ಒಟ್ಟಿಗೆ ಕೂತು ಬರೆದೆವು. ನಾನು ಕಲಿಯುವವಳು. ನಿಮ್ಮ ವಿಷಯ ನನ್ನ ಮೇಡಂಗೆ ಗೊತ್ತು, ಅದನ್ನು ಮೊದಲೇ ಹೇಳಬೇಕಿತ್ತು. ನಿಮಗೆ ನೋಡುತ್ತಿರುವ ಹುಡುಗ ನನಗೆ ತಮ್ಮ ಆಗಬೇಕು. ಹೋದ ಸಲ ನಾನು ಹೇಳಿದ್ದು ಹೇಳಬಾರದಿತ್ತು. ಅವನಿಗಾಗಲಿ ಮನೆಯವರಿಗಾಗಲಿ ನಿಮ್ಮ ವಿಷಯ ಒಂದು ಅಕ್ಷರ ಹೇಳಿಲ್ಲ, ಹೇಳುವುದೂ ಇಲ್ಲ.

ಅತ್ತುಬಿಡುತ್ತಾಳೆ, ಇಲ್ಲ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು, "ನನ್ನ ಫೈಲು ಯಾರ ಹತ್ತಿರ ಇರುತ್ತದೆ?" ಅಲಮಾರಿ ತೋರಿಸಿದೆ, ಕೀಲಿ ಯಾರಲ್ಲಿ ಅಂತ ಹೇಳಿದೆ. "ನನಗೆ ನೋಡಬಹುದಾ?" ಅವಳ ದಾಖಲೆ ಕೇಳಿ ನೋಡುವುದೂ ಅದೇ ಕಾಯ್ದೆಯಲ್ಲಿ ಅವಳ ಹಕ್ಕು. ಮೇಡಂ ಬಂದರು, ಮೂವರೂ ಕೂತು ನೋಡಿದೆವು. "ಸಾಕಾತು" ಅಂತ ಕನ್ನಡದಲ್ಲಿ ತಿದ್ದಿ ಬರೆದಿದ್ದ ಕಡೆ ಅವಳು ಬೆರಳಿಟ್ಟು ಸ್ವಲ್ಪ ಹೊತ್ತು ಇದ್ದಳು. ಆಮೇಲೆ ಬೇರೆ ಕೌನ್ಸೆಲರ್ ಹತ್ತಿರ ಹೋಗುತ್ತೇನೆ ಅಂದಳು. ಮೊದಲ ವಾರ ಹೋಗಲಿಲ್ಲ, ಎರಡನೇ ವಾರ ಹೋದಳು. ಆ ಸಂಬಂಧ ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ.

ಈಗ ನನ್ನ ಟೇಬಲ್ಲಿನಲ್ಲಿ ಕನ್ನಡದ ಒಂದು ಫಾರ್ಮು ಇದೆ, ನಾನೇ ಬರೆದದ್ದು, ಅರ್ಧ ಪುಟ. ಅದನ್ನು ಕೊಟ್ಟು ಬಿಡುವುದಿಲ್ಲ, ಓದಿ ಹೇಳುತ್ತೇನೆ. ಕೊನೆಯ ಸಾಲು: "ನನ್ನ ಮನೆ ಇಂಥ ಊರಿನಲ್ಲಿ. ನಮ್ಮ ಮನೆಯವರು, ನೆಂಟರು ನಿಮಗೆ ಪರಿಚಯ ಇದ್ದರೆ ಈಗಲೇ ಹೇಳಿ, ಮುಂದೆ ಗೊತ್ತಾದರೆ ನಾನೂ ಹೇಳುತ್ತೇನೆ." ಮೊನ್ನೆ ಒಬ್ಬ ಅಜ್ಜ ಇದನ್ನು ಕೇಳಿ ನಕ್ಕುಬಿಟ್ಟರು. ನಿದ್ದೆ ಬರುವುದಿಲ್ಲ ಅಂತ ಮಗ ಕರೆದುಕೊಂಡು ಬಂದದ್ದು. "ನಿಮ್ಮ ಅಜ್ಜನ ಹತ್ತಿರ ಒಂದು ಗಿಡ್ಡ ಹಸು ತಕ್ಕೊಂಡಿದ್ದೆ. ಹಾಲು ಎರಡು ಲೀಟರ್ ಅಂತ ಹೇಳಿದ್ದರು, ಒಂದೇ ಕೊಟ್ಟದ್ದು" ಅಂದರು. ಇದು ಪರಿಚಯದ ಲೆಕ್ಕಕ್ಕೆ ಬರುತ್ತದಾ, ನನ್ನ ಹತ್ತಿರ ಮಾತಾಡಲು ನಿಮಗೆ ಅಡ್ಡಿ ಇಲ್ವಾ ಅಂತ ಐದು ನಿಮಿಷ ಇಬ್ಬರೂ ಚರ್ಚೆ ಮಾಡಿದೆವು. ಸಂಜೆ ಟ್ರೈನಿನಲ್ಲಿ ಹಸುವಿನ ವಿಷಯವನ್ನೂ ಬರೆದೆ, ಹಾಲಿನ ಲೆಕ್ಕ ಸಮೇತ.