ದೀಪಾವಳಿ ರಾತ್ರಿಯ ಊಟ: ಅಡುಗೆ ಮಾಡಿದವರೂ ಎಲೆ ಮುಂದೆ ಕೂರಲಿ

ಹಬ್ಬದೂಟ ಅಂದರೆ ಮಧ್ಯಾಹ್ನದ್ದು ಅನ್ನುವುದು ರೂಢಿ. ಆದರೆ ದೀಪಾವಳಿ ಅಮಾವಾಸ್ಯೆಯ ದಿನ ಲಕ್ಷ್ಮೀಪೂಜೆ ನಡೆಯುವುದು ಸಂಜೆ. ಬಾಗಿಲಿಗೆ ದೀಪ ಇಟ್ಟ ಮೇಲೆ ನೆಂಟರು ಬರುತ್ತಾರೆ, ಎಲ್ಲರೂ ಒಟ್ಟಿಗೆ ಸಿಗುವುದು ಆಗಲೇ. ನಾನು ಮೊದಲ ಸಲ ಹೀಗೆ 12 ಜನರಿಗೆ ಅಡುಗೆ ಮಾಡಿದಾಗ, ಒಬ್ಬಟ್ಟನ್ನು ಬಿಸಿ ಬಿಸಿಯಾಗಿ ಹಾಕುತ್ತೇನೆ ಅಂತ ಹೊರಟೆ. ಎಲ್ಲರ ಊಟ ಮುಗಿಯುವವರೆಗೆ ನಾನೂ ಅಮ್ಮನೂ ಕಾವಲಿ ಮುಂದೆಯೇ ನಿಂತಿದ್ದೆವು. ನಾವಿಬ್ಬರು ಕೂತಾಗ ರಾತ್ರಿ ಹತ್ತೂವರೆ. ಸಾರು ಆರಿತ್ತು, ನೆಂಟರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. "ಹಬ್ಬ ಅಂದ್ರೆ ಹೀಗೇನೇ ಕಣೇ" ಅಂದರು ಅಮ್ಮ. ಅಷ್ಟು ವರ್ಷ ಅವರು ಹಾಗೇ ಉಂಡಿದ್ದರು ಅಂತ ನನಗೆ ಗೊತ್ತಾದದ್ದು ಅವತ್ತು.

ಅಲ್ಲಿಂದ ಈಚೆಗೆ ನಾನು ಮೆನು ಬರೆಯುವಾಗ ಒಂದೇ ಲೆಕ್ಕ ಇಟ್ಟುಕೊಂಡಿದ್ದೇನೆ. ಎಲೆ ಹಾಕುವ ಹೊತ್ತಿಗೆ ಒಲೆ ಮುಂದೆ ಯಾರೂ ಇರಬಾರದು.

ಮೊದಲು ತಲೆ ಎಣಿಸಿ, ಆಮೇಲೆ ಒಲೆ

ವಾರಕ್ಕೆ ಮುಂಚೆಯೇ ಫೋನ್ ಮಾಡಿ ಎಷ್ಟು ಜನ ಬರುತ್ತಾರೆ ಅಂತ ಕೇಳಿ. ಮಕ್ಕಳೆಷ್ಟು, ಸಕ್ಕರೆ ಕಾಯಿಲೆ ಇರುವವರು ಯಾರು, ಈರುಳ್ಳಿ ಬೆಳ್ಳುಳ್ಳಿ ಅವತ್ತು ತಿನ್ನದವರು ಇದ್ದಾರಾ ಅನ್ನುವುದನ್ನೂ ಕೇಳಿಬಿಡಿ. ಪೂಜೆಯ ದಿನ ಇವೆರಡನ್ನೂ ಬಿಟ್ಟೇ ಮಾಡಿದರೆ ಎಲ್ಲರಿಗೂ ಅನುಕೂಲ.

ಆಮೇಲೆ ನಿಮ್ಮ ಒಲೆ ನೋಡಿ. ಎರಡು ಬರ್ನರ್ ಇದ್ದರೆ ಕೊನೆಯ ಅರ್ಧ ಗಂಟೆಯಲ್ಲಿ ಎರಡೇ ಕೆಲಸ ಆಗುತ್ತದೆ. ಒಂದರ ಮೇಲೆ ಅನ್ನ, ಇನ್ನೊಂದರ ಮೇಲೆ ಬಿಸಿ ಮಾಡುವುದು. ಕರಿಯುವುದಕ್ಕೆ ಜಾಗ ಇಲ್ಲ. ಹಾಗಾಗಿ ಆಂಬೊಡೆ, ಬಜ್ಜಿ ಪಟ್ಟಿಯಿಂದ ಹೋದವು. ಹಪ್ಪಳ ಸಂಜೆಯೇ ಕರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಟ್ಟರೆ ಗರಿಗರಿ ಇರುತ್ತದೆ.

ಸಿಹಿ ಯಾವುದು ಅಂತ ಮೊದಲು ತೀರ್ಮಾನಿಸಿ

ಇಡೀ ಊಟದ ದಾರಿ ಹೇಳುವುದು ಸಿಹಿಯೇ. ಬೆಂಗಳೂರು ಕಡೆ ದೀಪಾವಳಿಗೆ ಕಜ್ಜಾಯ ಇರಲೇಬೇಕು ಅನ್ನುವ ಮನೆಗಳಿವೆ. ಕೇದಾರೇಶ್ವರ ವ್ರತ ಮಾಡುವವರಂತೂ ಬಿಡುವುದಿಲ್ಲ. ಕಜ್ಜಾಯ ಮಾಡುವುದಾದರೆ ಅಕ್ಕಿ ನೆನೆಸಿ, ಒದ್ದೆ ಇರುವಾಗಲೇ ಪುಡಿ ಮಾಡಿ, ಬೆಲ್ಲದ ಪಾಕಕ್ಕೆ ಹಾಕಿ, ಆ ಹಿಟ್ಟನ್ನು ಎರಡು ದಿನವಾದರೂ ಬಿಡಬೇಕು. ಕರಿದಿಟ್ಟ ಕಜ್ಜಾಯ ಕೆಲವು ದಿನ ಇರುತ್ತದೆ, ಆದ್ದರಿಂದ ಆ ರಾತ್ರಿ ಕೆಲಸವೇ ಇರುವುದಿಲ್ಲ.

ನನ್ನ ಮನಸ್ಸು ಮಾತ್ರ ಒಬ್ಬಟ್ಟಿನ ಕಡೆಗೇ. ಕಾರಣ ಇದೆ. ಒಬ್ಬಟ್ಟು ಮಾಡಿದರೆ ಸಾರು ತಾನೇ ಬರುತ್ತದೆ. ಬೇಳೆ ಬೇಯಿಸಿ ಬಸಿದ ಕಟ್ಟು, ಒಂದು ಹಿಡಿ ಹೂರಣ, ಹುಣಸೆ ರಸ, ಸಾರಿನ ಪುಡಿ, ಸ್ವಲ್ಪ ರುಬ್ಬಿದ ಕಾಯಿ, ಮೇಲೆ ಇಂಗು ಸಾಸಿವೆ ಕರಿಬೇವಿನ ಒಗ್ಗರಣೆ. ಸಿಹಿ, ಹುಳಿ, ಖಾರ ಮೂರೂ ಒಂದರಲ್ಲೇ ಸಿಗುತ್ತದೆ. ಬೇರೆ ಹುಳಿ, ತೊವ್ವೆ ಏನೂ ಬೇಡ.

ಅರ್ಧ ಕಿಲೋ ಕಡಲೆಬೇಳೆಗೆ ಅರ್ಧ ಕಿಲೋ ಬೆಲ್ಲ ಹಾಕಿದರೆ ಸಾಧಾರಣ ಗಾತ್ರದ 25ರಿಂದ 30 ಒಬ್ಬಟ್ಟು ಆಗುತ್ತದೆ. 12 ಜನಕ್ಕೆ ತಲೆಗೆ ಎರಡು. ತೊಗರಿಬೇಳೆಯಲ್ಲಿ ಮಾಡುವವರೂ ಇದ್ದಾರೆ, ಅದು ಇನ್ನೂ ಮೆತ್ತಗೆ. ಬೇಳೆ ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಕರಗಿ ಹೋಗಬಾರದು. ಕಟ್ಟು ಚೆನ್ನಾಗಿ ಬಸಿಯದಿದ್ದರೆ ಹೂರಣ ನೀರಾಗುತ್ತದೆ. ಹಾಗಾದರೆ ಗಾಬರಿ ಬೇಡ, ಉಂಡೆ ಕಟ್ಟುವಷ್ಟು ಗಟ್ಟಿಯಾಗುವ ತನಕ ಸಣ್ಣ ಉರಿಯಲ್ಲಿ ಮಗುಚಿ.

ಕಣಕಕ್ಕೆ ಚಿರೋಟಿ ರವೆ, ಮೈದಾ, ಚಿಟಿಕೆ ಅರಿಶಿನ. ಮೆತ್ತಗೆ ಕಲಸಿ, ಎಣ್ಣೆ ಜಾಸ್ತಿಯೇ ಹಾಕಿ, ಕಡಿಮೆ ಅಂದರೂ ಎರಡು ಗಂಟೆ ನೆನೆಯಲು ಬಿಡಿ. ಒಬ್ಬಟ್ಟು ಹರಿಯದೆ ಅಗಲವಾಗುವುದು ಈ ನೆನೆಸುವುದರಿಂದ. ಮಧ್ಯಾಹ್ನವೇ ಬೇಯಿಸಿ, ಪೂರ್ತಿ ಆರಿಸಿ, ಬಟ್ಟೆಯ ಮೇಲೆ ಜೋಡಿಸಿ ಮುಚ್ಚಿಡಿ. ರಾತ್ರಿ ಬಡಿಸುವ ಮುಂಚೆ ಕಾವಲಿ ಮೇಲೆ ಅರ್ಧ ನಿಮಿಷ ಇಟ್ಟು ತುಪ್ಪ ಸವರಿದರೆ ಸಾಕು. ಆಗ ತಾನೇ ಮಾಡಿದ್ದಕ್ಕೂ ಇದಕ್ಕೂ ನನಗಂತೂ ವ್ಯತ್ಯಾಸ ಕಾಣುವುದಿಲ್ಲ.

ಉಳಿದದ್ದನ್ನು ಸುತ್ತ ಜೋಡಿಸಿ

ಇಲ್ಲಿ ತಪ್ಪುವುದು ಸುಲಭ. ಒಬ್ಬಟ್ಟಿನಲ್ಲಿ ಬೇಳೆ, ಸಾರಿನಲ್ಲಿ ಬೇಳೆ, ಅದರ ಮೇಲೆ ಹೆಸರುಬೇಳೆ ಕೋಸಂಬರಿ. ರಾತ್ರಿ ಹೊತ್ತು ಹೊಟ್ಟೆಗೆ ಭಾರ, ಅಲ್ವಾ? ಅದಕ್ಕೇ ಕ್ಯಾರೆಟ್ ಜಾಸ್ತಿ, ಬೇಳೆ ಕಡಿಮೆ ಇರುವ ಕೋಸಂಬರಿ ಮಾಡಿ. ಅರ್ಧ ಕಿಲೋ ಕ್ಯಾರೆಟ್‌ಗೆ ಒಂದು ಹಿಡಿ ನೆನೆಸಿದ ಬೇಳೆ. ಉಪ್ಪು ಕೊನೆಗೆ ಹಾಕಿ, ಮೊದಲೇ ಹಾಕಿದರೆ ನೀರು ಬಿಡುತ್ತದೆ.

ಕಲಸಿದ ಅನ್ನಕ್ಕೆ ಪುಳಿಯೋಗರೆ ಎಲ್ಲರಿಗೂ ಇಷ್ಟವೇ. ಆದರೆ ಸಾರಿನಲ್ಲಿ ಆಗಲೇ ಹುಣಸೆ ಇದೆ. ನಿಂಬೆಹಣ್ಣಿನ ಚಿತ್ರಾನ್ನ ಹೊಂದುತ್ತದೆ. ಪಲ್ಯಕ್ಕೆ ಬೀನ್ಸ್, ಒಂದು ಕಿಲೋ. ಮುರಿದರೆ ಪಟ್ ಅನ್ನುವಂಥದ್ದನ್ನೇ ಆರಿಸಿ. ಆಯುಧಪೂಜೆಗೆ ತಂದ ಬೂದುಗುಂಬಳದಲ್ಲಿ ಒಡೆಯದೆ ಉಳಿದದ್ದು ಮೂಲೆಯಲ್ಲಿದ್ದರೆ ಮಜ್ಜಿಗೆಹುಳಿ ಮಾಡಿ, ಖಾರದ ಸಾರಾದ ಮೇಲೆ ಅದು ನಾಲಿಗೆಗೆ ತಂಪು. ಮಜ್ಜಿಗೆಹುಳಿ ಒಂದು ಕುದಿ ಬರುವ ಮುಂಚೆ ಇಳಿಸಿ. ಜೋರಾಗಿ ಕುದಿಸಿದರೆ ಮೊಸರು ಒಡೆಯುತ್ತದೆ.

ಅಕ್ಕಿ ತಲೆಗೆ 100 ಗ್ರಾಂ ಲೆಕ್ಕ. ಚಿತ್ರಾನ್ನಕ್ಕೆ ಅರ್ಧ ಕಿಲೋ, ಬಿಳಿ ಅನ್ನಕ್ಕೆ ಮುಕ್ಕಾಲು ಕಿಲೋ. ಕೊನೆಯ ಮೊಸರನ್ನಕ್ಕೆ ಒಂದೂವರೆ ಲೀಟರ್ ಮೊಸರು ಬೇಕು, ಮಜ್ಜಿಗೆಹುಳಿಯದ್ದು ಬೇರೆ. ಸಕ್ಕರೆ ಕಾಯಿಲೆಯವರಿಗೆ ಒಬ್ಬಟ್ಟನ್ನು ಅರ್ಧ ಮಾಡಿ, ಕೋಸಂಬರಿ ಪಲ್ಯ ಎರಡು ಸಲ ಬಡಿಸಿ. ಅವರನ್ನು ಬಲವಂತ ಮಾಡಬೇಡಿ.

ಸಾಮಾನು

ಬೇಳೆ ಬೆಲ್ಲ ಮೂರು ದಿನ ಮುಂಚೆ ತನ್ನಿ. ತರಕಾರಿ ಹಿಂದಿನ ದಿನ ಬೆಳಿಗ್ಗೆ ಏಳರೊಳಗೆ. ಗಾಂಧಿ ಬಜಾರ್, ಮಲ್ಲೇಶ್ವರದ ಎಂಟನೇ ಕ್ರಾಸ್, ಕೆ.ಆರ್. ಮಾರುಕಟ್ಟೆ ಎಲ್ಲಿಗೇ ಹೋದರೂ ಹೊತ್ತೇರಿದರೆ ಹೂವಿನ ಜನಸಂದಣಿಯಲ್ಲಿ ಕಾಲಿಡಲು ಆಗುವುದಿಲ್ಲ. ಬಾಳೆಎಲೆ ಎರಡು ಹೆಚ್ಚಿಗೆ ತನ್ನಿ, ಒಂದಾದರೂ ಹರಿದಿರುತ್ತದೆ.

ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ

ಊಟ ಎಂಟೂವರೆಗೆ ಅಂತ ಇಟ್ಟುಕೊಳ್ಳಿ. ಹಿಂದಿನ ರಾತ್ರಿಯೇ ಬೇಳೆ ಬೇಯಿಸಿ ಹೂರಣ ರುಬ್ಬಿ. ಹೂರಣವನ್ನೂ ಕಟ್ಟನ್ನೂ ಫ್ರಿಜ್‌ನಲ್ಲಿಡಿ. ಕಟ್ಟನ್ನು ಹೊರಗೆ ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಹಳಸಿರುತ್ತದೆ. ಹಬ್ಬದ ದಿನ ಹನ್ನೊಂದಕ್ಕೆ ಕಣಕ, ಎರಡರಿಂದ ನಾಲ್ಕರವರೆಗೆ ಒಬ್ಬಟ್ಟು. ಬಾಳೆಎಲೆ ಮೇಲೆ ತಟ್ಟುವವರು ಒಬ್ಬರು, ಬೇಯಿಸುವವರು ಒಬ್ಬರು ಇರಲಿ. ನಾಲ್ಕರ ನಂತರ ಸಾರು, ಪಲ್ಯ, ಹಪ್ಪಳ. ಐದೂವರೆಗೆ ಚಿತ್ರಾನ್ನದ ಅನ್ನ ಮಾಡಿ ಹರಡಿ. ಆರಕ್ಕೆ ಅಡುಗೆಮನೆಯಿಂದ ಹೊರಗೆ ಬನ್ನಿ. ಸೀರೆ ಉಡಬೇಕು, ದೀಪ ಹಚ್ಚಬೇಕು, ಪೂಜೆಗೆ ಕೂರಬೇಕು.

ಮತ್ತೆ ಒಳಗೆ ಹೋಗುವುದು ಏಳೂಮುಕ್ಕಾಲಿಗೆ. ಕುಕ್ಕರ್‌ನಲ್ಲಿ ಬಿಳಿ ಅನ್ನ ಇಡಿ. ಪಕ್ಕದ ಒಲೆಯಲ್ಲಿ ಚಿತ್ರಾನ್ನದ ಒಗ್ಗರಣೆ, ಆಮೇಲೆ ಮಜ್ಜಿಗೆಹುಳಿ, ಆಮೇಲೆ ಸಾರು ಬಿಸಿ, ಕೊನೆಗೆ ಕಾವಲಿ. ಅಷ್ಟೇ.

ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಲಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಮೇಲಿನ ಅರ್ಧದಲ್ಲಿ, ಅನ್ನ ಕೆಳಗಿನ ಅರ್ಧದಲ್ಲಿ. ಇಷ್ಟನ್ನು ದೊಡ್ಡ ಮಕ್ಕಳಿಬ್ಬರು ಬಡಿಸಲಿ, ಅವರಿಗೂ ಅದು ಖುಷಿ. ಅನ್ನ, ಸಾರು, ತುಪ್ಪದ ಗಿಂಡಿಯನ್ನು ಕೈಗೆಟುಕುವ ಹಾಗೆ ಸಾಲಿನ ನಡುವೆ ಇಟ್ಟುಬಿಡಿ. ಮೊದಲ ಸುತ್ತು ಮುಗಿದ ಕೂಡಲೇ ಮಕ್ಕಳೂ ಕೂರಲಿ. ಬೇಕಾದವರು ಹಾಕಿಕೊಳ್ಳುತ್ತಾರೆ, ಪಕ್ಕದವರಿಗೂ ಹಾಕುತ್ತಾರೆ.

ಹೋದ ವರ್ಷ ನಮ್ಮ ಮನೆಯಲ್ಲಿ ಮೊದಲ ಎಲೆ ಹಾಕಿದ್ದು ಅಮ್ಮನಿಗೆ. ಎರಡು ಸಲ ಏಳಲು ಹೋದರು. ಸೊಸೆ ಕೈ ಹಿಡಿದು ಕೂರಿಸಿದಳು. ಮೂರನೇ ಸಲ ಅವರೇ ಸಾರು ಕೇಳಿ ಹಾಕಿಸಿಕೊಂಡರು.