ಬಿಸಿ ತಡೆಯುವ ವೈರ್ ಆರಿಸುವಾಗ ನಾನು ನೋಡುವುದು

ವೈರ್ ಮೇಲೆ 200 ಡಿಗ್ರಿ ಎಂದು ಅಚ್ಚಾಗಿದೆ ಎಂದ ಮಾತ್ರಕ್ಕೆ ಇಡೀ ಜೋಡಣೆ 200 ಡಿಗ್ರಿ ತಾಳುವುದಿಲ್ಲ. ಅದು ಹೊದಿಕೆಯ ಲೆಕ್ಕ. ತಾಮ್ರದ ಮೇಲಿನ ಲೇಪ, ತುದಿಯ ಬೆಸುಗೆ, ಬೆಸುಗೆಯ ಮೇಲೆ ಹಾಕುವ ತೋಳು (ಸ್ಲೀವ್) ಇವುಗಳಲ್ಲಿ ಯಾವುದು ಮೊದಲು ಸೋಲುತ್ತದೋ ಅಲ್ಲಿಗೆ ಲೆಕ್ಕ ಮುಗಿಯಿತು. ಹಾಗಾಗಿ ನಾನು ಆಯ್ಕೆಯನ್ನು ತುದಿಯಿಂದ ಶುರು ಮಾಡುತ್ತೇನೆ.

3ಡಿ ಪ್ರಿಂಟರಿನ ಹಾಟೆಂಡ್, ಅಂದರೆ ಪ್ಲಾಸ್ಟಿಕ್ ಕರಗಿಸುವ ತುದಿ, ತೆಗೆದುಕೊಳ್ಳಿ. ಹೀಟರ್ ಬ್ಲಾಕ್ 250 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ. 63/37 ಸೋಲ್ಡರ್ (ಶೇ. 63 ತವರ, ಶೇ. 37 ಸೀಸ) ಕರಗುವುದು 183 ಡಿಗ್ರಿಗೆ, ಸೀಸವಿಲ್ಲದ್ದು ಸುಮಾರು 217ರಿಂದ 220ಕ್ಕೆ. ಬ್ಲಾಕಿನ ಪಕ್ಕದಲ್ಲೇ ಬೆಸೆದರೆ ವೈರ್ ಎಷ್ಟು ಒಳ್ಳೆಯದಾದರೂ ಬೆಸುಗೆ ಸಡಿಲವಾಗುತ್ತದೆ. ಅಲ್ಲಿ ಫೆರೂಲ್ (ತುದಿಗೆ ತೊಡಿಸುವ ಚಿಕ್ಕ ಲೋಹದ ಕೊಳವೆ) ಹಾಕಿ ಕ್ರಿಂಪ್ ಮಾಡುವುದೇ, ಅಂದರೆ ಇಕ್ಕಳದಿಂದ ಅಮುಕಿ ಬಿಗಿಯುವುದೇ ಸರಿ. ಜೋಡಣೆಯನ್ನು ಬಿಸಿಯಿಂದ ಆದಷ್ಟು ದೂರ ಇಡಬೇಕು. ಮೇಲೆ ಸಾಮಾನ್ಯ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ತೋಳು) ಹಾಕುವುದೂ ತಪ್ಪು: ಪಾಲಿಯೋಲಿಫಿನ್ ತೋಳಿನ ಮಿತಿ ಹೆಚ್ಚಾಗಿ 125 ಡಿಗ್ರಿ. ಗಾಜಿನ ನಾರಿನ ತೋಳು ಬಳಸಿ.

ಇನ್ನು ಹೊದಿಕೆ. ಪಿವಿಸಿ 80 ಅಥವಾ 105 ಡಿಗ್ರಿಯದು. ಪೆಟ್ಟಿಗೆಯೊಳಗಿನ ತಂಪು ಜಾಗಕ್ಕೆ ಅದು ಸಾಕು. ಆದರೆ ಮಿತಿಯ ಹತ್ತಿರ ಬಹಳ ದಿನ ಇದ್ದರೆ ಅದನ್ನು ಮೆತ್ತಗಿಡುವ ಮೆದುಕಾರಕ (ಪ್ಲಾಸ್ಟಿಸೈಜರ್) ಆವಿಯಾಗಿ ಹೊದಿಕೆ ಬಿರುಸಾಗುತ್ತದೆ, ಬಾಗಿದಲ್ಲಿ ಬಿರುಕು ಬಿಡುತ್ತದೆ. ಬೆಸೆಯುವಾಗ ತುದಿಯಿಂದ ಹಿಂದಕ್ಕೆ ಸರಿದು ತಾಮ್ರ ಬೆತ್ತಲಾಗುವುದೂ ಇದರ ರೋಗವೇ. ಸಿಲಿಕೋನ್ ಮೈನಸ್ 60ರಿಂದ 200 ಡಿಗ್ರಿವರೆಗೆ ಮೆತ್ತಗೇ ಇರುತ್ತದೆ. ಅಲುಗಾಡುವ ಭಾಗಕ್ಕೆ ನನ್ನ ಮೊದಲ ಆಯ್ಕೆ ಅದೇ. ದೋಷವೆಂದರೆ ಚೂಪಾದ ಲೋಹದ ಅಂಚಿಗೆ ತಗುಲಿದರೆ ಸೀಳಿಹೋಗುತ್ತದೆ, ತೂತಿನಲ್ಲಿ ಅಂಚಿಗೆ ಕೂರಿಸುವ ರಬ್ಬರ್ ಬಳೆ (ಗ್ರೊಮೆಟ್) ಇಲ್ಲದೆ ಹಾಯಿಸಬೇಡಿ. ಪಿಟಿಎಫ್ಇ (ಟೆಫ್ಲಾನ್) ಹೊದಿಕೆ ತೆಳುವಾಗಿರುತ್ತದೆ, 260 ಡಿಗ್ರಿ ತಾಳುತ್ತದೆ. ಆದರೆ ಅಂಚಿನ ಮೇಲೆ ಬಿಗಿಯಾಗಿ ಒತ್ತಿ ಕಟ್ಟಿದರೆ ಒತ್ತಡಕ್ಕೆ ನಿಧಾನವಾಗಿ ಪಕ್ಕಕ್ಕೆ ಸರಿದು ತೆಳ್ಳಗಾಗಿ ಕೊನೆಗೆ ತಾಮ್ರ ಅಂಚಿಗೆ ಮುಟ್ಟುತ್ತದೆ. ಜಿಪ್ ಟೈ ಬಿಗಿ ಮಾಡುವವರು ಇದನ್ನು ನೆನಪಿಡಬೇಕು. ಅಂಟೂ ಇದಕ್ಕೆ ಹಿಡಿಯುವುದಿಲ್ಲ.

ಲೇಪದ ಮಾತು ಯಾರೂ ಕೇಳುವುದಿಲ್ಲ, ಕೇಳಲೇಬೇಕಾದದ್ದು ಅದೇ. ತವರ ಲೇಪಿಸಿದ ತಾಮ್ರ 150 ಡಿಗ್ರಿವರೆಗೆ, ಬೆಳ್ಳಿ ಲೇಪದ್ದು 200ರವರೆಗೆ, ನಿಕ್ಕಲ್ ಲೇಪದ್ದು 260ರವರೆಗೆ. ಅಂದರೆ ಬೆಳ್ಳಿ ಲೇಪದ ಪಿಟಿಎಫ್ಇ ವೈರನ್ನು 260 ಡಿಗ್ರಿಯದೆಂದು ನಂಬಿ ಬಳಸಬಾರದು. ಬೆಳ್ಳಿ ಲೇಪಕ್ಕೆ ಸೋಲ್ಡರ್ ಚೆನ್ನಾಗಿ ಹಿಡಿಯುತ್ತದೆ. ನಿಕ್ಕಲ್‌ಗೆ ಹಿಡಿಯುವುದು ಕಷ್ಟ, ಅದನ್ನು ಕ್ರಿಂಪ್ ಮಾಡುವುದೇ ಲೇಸು.

ದಪ್ಪಕ್ಕೆ ಲೆಕ್ಕ ಹಾಕುವುದು ಹೀಗೆ. 12 ವೋಲ್ಟಿನ 40 ವ್ಯಾಟ್ ಹೀಟರ್ 3.3 ಆಂಪಿಯರ್ ಎಳೆಯುತ್ತದೆ. 22 ಗೇಜಿನ (ಇಲ್ಲಿ ಗೇಜ್ ಎಂದರೆ AWG, ಅಂಕಿ ದೊಡ್ಡದಾದಷ್ಟೂ ತಂತಿ ತೆಳು) ತಾಮ್ರಕ್ಕೆ ಮೀಟರಿಗೆ 53 ಮಿಲಿಓಮ್, 18 ಗೇಜಿಗೆ 21. ಹೋಗಿಬರುವ ದಾರಿ 2 ಮೀಟರ್ ಇದ್ದರೆ 22 ಗೇಜಿನಲ್ಲಿ 0.35 ವೋಲ್ಟ್ ನಷ್ಟ, 18ರಲ್ಲಿ 0.14. ಇದು 20 ಡಿಗ್ರಿಯ ಲೆಕ್ಕ. 120 ಡಿಗ್ರಿಗೆ ಏರಿದ ತಾಮ್ರದ ರೋಧ ಸುಮಾರು ಶೇ. 39 ಹೆಚ್ಚು. ಹೊದಿಕೆಯ ಮಿತಿ ಎಂದರೆ ತಂತಿಯ ಉಷ್ಣತೆ, ಸುತ್ತಲಿನ ಗಾಳಿಯದಲ್ಲ. ಗಾಳಿ 90 ಡಿಗ್ರಿ ಇದ್ದು ಕರೆಂಟಿನಿಂದ ತಂತಿ ಇನ್ನೂ 20 ಡಿಗ್ರಿ ಕಾದರೆ 105ರ ಪಿವಿಸಿ ಮಿತಿ ಮೀರಿತು. ನಾನು 30 ಡಿಗ್ರಿಯಾದರೂ ಅಂತರ ಬಿಡುತ್ತೇನೆ.

ಹೊಸ ಸುರುಳಿ ಬಂದರೆ ಎರಡು ಪರೀಕ್ಷೆ ತಪ್ಪಿಸುವುದಿಲ್ಲ. ಬೆಸೆಯುವ ಐರನ್ನನ್ನು 300 ಡಿಗ್ರಿಗೆ ಇಟ್ಟು ಹೊದಿಕೆಗೆ ಮೂರು ಸೆಕೆಂಡ್ ಒತ್ತುತ್ತೇನೆ: ಪಿವಿಸಿ ಕೂಡಲೇ ಕರಗುತ್ತದೆ, 260ರ ಆಸುಪಾಸಿನಲ್ಲಿ ಕರಗುವ ಎಫ್ಇಪಿ (ಪಿಟಿಎಫ್ಇ ಜಾತಿಯದೇ ಇನ್ನೊಂದು ಪ್ಲಾಸ್ಟಿಕ್) ಮೆತ್ತಗಾಗಿ ಗುಂಡಿ ಬೀಳುತ್ತದೆ, ಪಿಟಿಎಫ್ಇ ಮತ್ತು ಸಿಲಿಕೋನ್ ಕರಗುವುದಿಲ್ಲ. ಪಿಟಿಎಫ್ಇಯನ್ನು ಬೆಂಕಿಗೆ ಹಿಡಿದು ನೋಡಬೇಡಿ, ಅತಿಯಾಗಿ ಕಾದರೆ ಬರುವ ಹೊಗೆ ಜ್ವರ ತರಿಸುತ್ತದೆ. ಎರಡನೆಯದು, 1 ಮೀಟರ್ ವೈರಿನಲ್ಲಿ ಸರಿಯಾಗಿ 1 ಆಂಪಿಯರ್ ಹರಿಸಿ ಎರಡು ತುದಿಗಳ ನಡುವಿನ ವೋಲ್ಟೇಜ್ ಅಳೆಯುವುದು. 18 ಗೇಜ್ ಎಂದು ಕೊಟ್ಟ ವೈರ್ 21 ಮಿಲಿವೋಲ್ಟ್ ತೋರಿಸಬೇಕು. 30ರ ಮೇಲೆ ಬಂದರೆ ಒಳಗಿರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಇಲ್ಲವೇ ಗೇಜ್ ಸುಳ್ಳು. ಅಂಥದ್ದನ್ನು ಹೀಟರಿಗೆ ಹಾಕುವುದಿಲ್ಲ.

ಸುಲಿಯುವಾಗ ಆ ಗೇಜಿನದೇ ತೂತಿರುವ ಹರಿತ ಸ್ಟ್ರಿಪ್ಪರ್ ಬೇಕು. ಪಿಟಿಎಫ್ಇ ಜಾರುತ್ತದೆ ಎಂದು ಗಟ್ಟಿಯಾಗಿ ಅಮುಕಿದರೆ ಎಳೆಗಳಿಗೆ ಗಾಯವಾಗುತ್ತದೆ, ಅಲುಗಾಟಕ್ಕೆ ಆ ಜಾಗದಲ್ಲೇ ಒಂದೊಂದಾಗಿ ಮುರಿಯುತ್ತವೆ. ಒಂದು ಎಳೆಗೆ ಗೀರು ಕಂಡರೂ ನಾನು ತುದಿ ಕತ್ತರಿಸಿ ಮತ್ತೆ ಸುಲಿಯುತ್ತೇನೆ.